ಮಂಜುಗಡ್ಡೆಯ ಮೇಲೆ ಹೊರಿಸಿದ ತಪ್ಪು

ಕಂಬ ಬಿದ್ದರೂ ಸೇತುವೆ ಕುಸಿದರೂ ‘ಪ್ರಕೃತಿ ವಿಕೋಪ’ ಎಂದು ಬರೆದು ಕಡತ ಮುಚ್ಚುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪಲಾರೆ. ಏಕೆಂಬುದನ್ನು ಬಾದನಹಟ್ಟಿಯ ಬಿಸಿಲಿಗೆ ತೀರ ಅಪರಿಚಿತವಾದ ಒಂದು ಉದಾಹರಣೆಯಿಂದಲೇ ಹೇಳುತ್ತೇನೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಎಮ್ಲಿ ಮೂರ್ ಎಂಬಲ್ಲಿ ಸುಮಾರು 385 ಮೀಟರ್ ಎತ್ತರದ ಟೆಲಿವಿಷನ್ ಪ್ರಸಾರ ಸ್ತಂಭವೊಂದು 1966ರಿಂದ ಕೆಲಸ ಮಾಡುತ್ತಿತ್ತು. ಉಕ್ಕಿನ ದೊಡ್ಡ ಕೊಳವೆ, ಅದಕ್ಕೆ ಸುತ್ತಲೂ ಬಿಗಿದ ಉಕ್ಕಿನ ಹಗ್ಗಗಳ ಆಸರೆ. 1969ರ ಮಾರ್ಚ್ 19ರ ಸಂಜೆ ಅದು ನೆಲಕ್ಕೊರಗಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮಂಜುಗಡ್ಡೆಯ ಭಾರಕ್ಕೆ ಬಿದ್ದಿತೆಂದು ಇಂದಿಗೂ ಹಲವರು ಹೇಳುತ್ತಾರೆ. ಶೀತದೇಶಗಳಲ್ಲಿ ಶೂನ್ಯಕ್ಕಿಂತ ಕೆಳಗೆ ತಣಿದರೂ ನೀರಾಗಿಯೇ ಉಳಿದ ಮೋಡದ ಹನಿಗಳು ಉಕ್ಕನ್ನು ತಾಗಿದೊಡನೆ ಗಡ್ಡೆಯಾಗಿ ಅಂಟಿಕೊಳ್ಳುತ್ತವೆ. ಹಗ್ಗಗಳು ಭಾರವಾಗುತ್ತವೆ, ಅದೂ ಒಂದೊಂದು ಒಂದೊಂದು ಪ್ರಮಾಣದಲ್ಲಿ. ಇದು ನಿಜವೇ.

ಆದರೆ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಬೇರೆ. ಒಂದೇ ಸಮನಾಗಿ ಬೀಸುವ ಮಂದವಾದ ಗಾಳಿ ದುಂಡನೆಯ ಕೊಳವೆಯನ್ನು ಬಳಸಿ ಹೋಗುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳು ಏಳುತ್ತವೆ. ಪಂಚಮಿಯ ಜೋಕಾಲಿಗೆ ಲಯವರಿತು ಕೊಟ್ಟ ಸಣ್ಣ ನೂಕು ಅದನ್ನು ಎಷ್ಟೆತ್ತರಕ್ಕೆ ಒಯ್ಯುತ್ತದೆಂಬುದು ನಿಮಗೆ ಗೊತ್ತು. ಸ್ತಂಭವೂ ಹಾಗೆಯೇ ತೂಗಿತು. ಈ ತೂಗಾಟವನ್ನೂ ಹಗ್ಗಗಳ ಮೇಲಿನ ಅಸಮ ಭಾರವನ್ನೂ ಜೊತೆಗೂಡಿಸಿ ಯೋಚಿಸದಿದ್ದುದು ವಿನ್ಯಾಸಕಾರರ ನಿರ್ಲಕ್ಷ್ಯವೆಂದು ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ತೀರ್ಪಿತ್ತಿತು. ‘ನಮ್ಮದು ಅಂದಿನ ಜ್ಞಾನದ ಗಡಿಯಲ್ಲಿ ಮಾಡಿದ ಕೆಲಸ’ ಎಂಬ ವಾದ ಅವರನ್ನು ಉಳಿಸಲಿಲ್ಲ. ಹಾಗಿದ್ದರೆ ಇನ್ನೂ ಹೆಚ್ಚು ಯೋಚಿಸಬೇಕಿತ್ತಲ್ಲವೇ? ಅದೇ ಬಗೆಯ ಉಳಿದ ಸ್ತಂಭಗಳ ಒಳಗೆ ಆಮೇಲೆ ನೂರೈವತ್ತು ಟನ್ನಿನಷ್ಟು ಸರಪಳಿಗಳನ್ನು ಇಳಿಬಿಟ್ಟು ತೂಗಾಟವನ್ನು ಹದ್ದಿನಲ್ಲಿಟ್ಟರು.

ಇನ್ನು ನಮ್ಮ ಕಡೆಗೆ ಬನ್ನಿ. ಇಲ್ಲಿ ಮಂಜುಗಡ್ಡೆಯ ಪಾತ್ರವನ್ನು ವಹಿಸುವುದು ಮುಂಗಾರಿಗೆ ಮುಂಚಿನ ಬಿರುಗಾಳಿ. ಅದು ಪ್ರತಿ ವರ್ಷದ ಅತಿಥಿ. ಕಟ್ಟಡಗಳು ಯಾವ ಸೀಮೆಯಲ್ಲಿ ಎಷ್ಟು ಗಾಳಿಯನ್ನು ತಡೆಯಬೇಕೆಂದು ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ನಕಾಶೆಸಹಿತ ಬರೆದಿದೆ. 2015ರಲ್ಲಿ ಪರಿಷ್ಕರಣವೂ ಆಗಿದೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆಂಬುದು ನಮ್ಮೂರಿನ ಎತ್ತಿಗೂ ಗೊತ್ತು. ಆದರೂ ಆ ಮಣ್ಣಿನಲ್ಲಿ ಕಾಂಕ್ರೀಟಿಲ್ಲದೆ ಊರಿದ ಕರೆಂಟಿನ ಕಂಬ ವಾಲಿದರೆ ‘ಗಾಳಿ ಜೋರಿತ್ತು ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದುದನ್ನು ಈ ಸೀಮೆಯ ರೈತರು ಮರೆತಿಲ್ಲ. ಅಲ್ಲಿ ಬಿರುಗಾಳಿಯಿರಲಿಲ್ಲ, ಭೂಕಂಪವಿರಲಿಲ್ಲ. ತುಂಡಾದದ್ದು ಗೇಟಿನ ಸರಪಳಿ. ತುಂಬಿದ ಜಲಾಶಯದ ನೀರನ್ನು ನದಿಗೆ ಹರಿಯಬಿಟ್ಟ ಮೇಲೆಯೇ ತಾತ್ಕಾಲಿಕ ಗೇಟನ್ನು ಇಳಿಸಲು ಸಾಧ್ಯವಾಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಎಂಜಿನಿಯರರಾಗಿದ್ದೀರಿ. ವರದಿಗೆ ಸಹಿ ಹಾಕುವವರೂ ನೀವೇ. ‘ಗಾಳಿಗೆ ಬಿತ್ತು’ ಎಂದು ಬರೆಯಬೇಡಿರಪ್ಪಾ. ಕಂಬವನ್ನು ಎಷ್ಟು ಅಡಿ ಆಳಕ್ಕೆ ಹೂಳಲಾಗಿತ್ತು, ಅಳೆದವರು ಯಾರು, ಸರಪಳಿಯನ್ನು ಕಡೆಯ ಸಲ ಮುಟ್ಟಿ ನೋಡಿದ ದಿನ ಯಾವುದು, ಅದನ್ನು ಬರೆಯಿರಿ.