ಗಾಂಧಿ ಕ್ಲಾಸಿನಿಂದ: ಪಿಎಚ್.ಡಿ. ಅಂದ್ರೆ ಹುಡುಗಾಟ ಅಂದ್ಕೊಂಡ್ರಾ?



‘ಡಾ. ರಾಜ್’ ಅಂತ ದಿನಕ್ಕೆ ಹತ್ತು ಸಲ ಅಂತೀವಿ. ಕಟೌಟಿನ ಮೇಲೆ ಬರೀತೀವಿ, ಆಟೋ ಹಿಂದೆ ಬರೆಸ್ತೀವಿ. ಆ ‘ಡಾ.’ ಎಲ್ಲಿಂದ ಬಂತು ಗೊತ್ತೇ? 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಣ್ಣಾವ್ರಿಗೆ ಕೊಟ್ಟ ಗೌರವ ಡಾಕ್ಟರೇಟ್ ಅದು. ಮಹಾನ್ ಕಲಾವಿದನಿಗೆ ವಿದ್ವಾಂಸರು ಮಾಡಿದ ನಮಸ್ಕಾರ. ಅಲ್ಲಿ ಪರೀಕ್ಷೆಯ ಮಾತೇ ಇಲ್ಲ.

ಇನ್ನೊಂದು ‘ಡಾ.’ ಇದೆ. ವರ್ಷಗಟ್ಟಲೆ ಸಂಶೋಧನೆ ಮಾಡಿ, ಹತ್ತು ಜನರ ಮುಂದೆ ನಿಂತು, ಬೆವರು ಸುರಿಸಿ ಗಳಿಸೋದು. ಈ ವಾರದ ಕಥೆ ಅದರದ್ದು. ‘ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಪಿಎಚ್.ಡಿ. ಉಸಾಬರಿ ಯಾಕಯ್ಯಾ?’ ಅಂತೀರಾ? ಸ್ವಲ್ಪ ತಾಳಿ. ನಾನೂ ಒಂದು ಭಾನುವಾರ ಪರೀಕ್ಷಕನಾಗಿದ್ದೆ!

ಕುಣಿಗಲಿನಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಇಬ್ಬರೂ ಒಂದೇ ಬೆಂಚು. ನಾನು ಕಾಲೇಜು ಬಿಟ್ಟು ಪೆನ್ನು ಹಿಡಿದೆ. ಅವನು ಪಟ್ಟು ಬಿಡದೆ ಓದಿ ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಈಗ ಪಿಎಚ್.ಡಿ.ಗೆ ಸೇರಿದ್ದಾನೆ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ನಮ್ಮ ಕಡೆ ಹುಡುಗರು ದೊಡ್ಡ ಓದಿಗೆ ಬೆಂಗಳೂರು, ಮೈಸೂರಿಗೇ ಓಡಬೇಕು ಅನ್ನೋದು ತಪ್ಪಿತು. ಆದರೆ ಮನೆಯವರ ಪ್ರಶ್ನೆ ತಪ್ಪಲಿಲ್ಲ. ‘ಇನ್ನೂ ಎಷ್ಟು ವರ್ಷ ಓದ್ತೀಯೋ?’ ಅಂತ ತೆಂಗಿನ ತೋಟದಿಂದ ಬಂದ ಅಪ್ಪ ದಿನಾ ಕೇಳ್ತಾರೆ.

ಅವನ ಫೋನ್ ಬಂತು. “ಲೋ, ಸೋಮವಾರ ಕಮಿಟಿ ಮುಂದೆ ಪ್ರೆಸೆಂಟೇಷನ್ ಇದೆ ಕಣೋ. ಭಾನುವಾರ ಬಂದು ನನಗೆ ಪ್ರಶ್ನೆ ಕೇಳು.”

“ನನಗೇನೋ ಗೊತ್ತು?”

“ನಿನಗೆ ಸಿನಿಮಾ ಗೊತ್ತಲ್ಲ, ಸಾಕು ಬಾರೋ.”

ತುಮಕೂರಿನಿಂದ ಬಸ್ಸು ಹತ್ತಿ ಹೋದೆ. ಅವನ ರೂಮಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಗುಬ್ಬಿಯ ಹಾರ್ಮೋನಿಯಂ ಮೇಷ್ಟ್ರು. ಕಂಪನಿ ನಾಟಕಗಳಲ್ಲಿ ಪೆಟ್ಟಿಗೆ ಬಾರಿಸಿ ಬೆರಳು ಸವೆಸಿದವರು. ಅವರೂ ನಾನೂ ಪರೀಕ್ಷಕರು. ಗೋಡೆಯೇ ಪರದೆ.

ಮೊದಲ ರೀಲು

ವಿಷಯ: ‘ಸಿನಿಮಾ ಮತ್ತು ಸಮಾಜ: ತುಮಕೂರು ಜಿಲ್ಲೆ’. ಟೈಟಲ್ಲು ಭರ್ಜರಿ! ನಾನು ಆಗಲೇ ಹತ್ತಕ್ಕೆ ಹತ್ತು ಹಾಕಿದೆ. ಮೇಷ್ಟ್ರು ಮಾತ್ರ ಕನ್ನಡಕ ಸರಿ ಮಾಡಿಕೊಂಡು, “ನಿನ್ನ ಪ್ರಶ್ನೆ ಏನಪ್ಪಾ?” ಅಂದರು.

ಗೆಳೆಯ ಹತ್ತು ನಿಮಿಷ ಮಾತಾಡಿದ. ಮೇಷ್ಟ್ರು ತಲೆ ಆಡಿಸಿದರು. “ಕಥೆಯನ್ನ ಒಂದೇ ಉಸಿರಲ್ಲಿ ಹೇಳೋಕೆ ಬರದಿದ್ರೆ ಕಂಪನಿ ಮಾಲೀಕರು ನಾಟಕವನ್ನ ಕೈಗೇ ತಗೋತಿರಲಿಲ್ಲ. ಎಲ್ಲಾ ಹೇಳ್ತೀನಿ ಅಂದ್ರೆ ಏನೂ ಹೇಳಲ್ಲ ಅಂತ ಅರ್ಥ.”

ಅರ್ಧ ಗಂಟೆ ತಿಣುಕಾಡಿದ ಮೇಲೆ ಒಂದು ಸಾಲು ಹೊರಬಿತ್ತು: ‘ಕೈಯಲ್ಲೇ ಮೊಬೈಲ್ ಇರುವಾಗಲೂ ಗುಬ್ಬಿ, ಕುಣಿಗಲ್ ಕಡೆಯ ಹುಡುಗರು ಥಿಯೇಟರಿಗೆ ಯಾಕೆ ಹೋಗುತ್ತಾರೆ?’ ಅದು ಪ್ರಶ್ನೆ. ನನ್ನ ಹತ್ತಕ್ಕೆ ಹತ್ತನ್ನು ಮೆಲ್ಲಗೆ ಹೊಡೆದುಹಾಕಿದೆ.

ಎರಡನೇ ಸ್ಲೈಡಿನಲ್ಲಿ ಜಿಲ್ಲೆಯ ಹಿನ್ನೆಲೆ. ‘1884ರಲ್ಲಿ ಗುಬ್ಬಿ ವೀರಣ್ಣನವರು ಸ್ಥಾಪಿಸಿದ ಗುಬ್ಬಿ ಕಂಪನಿ…’

“ತಡಿಯೋ ತಡಿಯೋ!” ಅಂತ ನಾನೇ ಕೂಗಿದೆ. ವೀರಣ್ಣನವರು ಹುಟ್ಟಿದ್ದೇ 1891ರಲ್ಲಿ. ಹುಟ್ಟೋಕೆ ಏಳು ವರ್ಷ ಮುಂಚೆ ಕಂಪನಿ ಕಟ್ಟಿದರೇ? ಕಂಪನಿ ಊರಿನ ಕಲಾರಸಿಕರು ಕಟ್ಟಿದ್ದು. ವೀರಣ್ಣನವರು ಹುಡುಗನಾಗಿ ಸೇರಿ, 1917ರಲ್ಲಿ ಮಾಲೀಕರಾದರು. ಮುಂದೆ ರಾಜ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನಮ್ಮ ತಿಪಟೂರಿನ ನರಸಿಂಹರಾಜು ಎಲ್ಲ ಆ ಕಂಪನಿಯ ಅನ್ನ ಉಂಡವರೇ. 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲೂ ವೀರಣ್ಣನವರ ಕೈ ಇತ್ತು. ಇದೆಲ್ಲ ನಮ್ಮಂಥ ಸಿನಿಮಾ ಹುಚ್ಚರಿಗೆ ಬಾಯಿಪಾಠ. ಮೇಷ್ಟ್ರು ನಗುತ್ತಾ ಬೆನ್ನು ತಟ್ಟಿದರು. ನನಗಂತೂ ಹೀರೋ ಎಂಟ್ರಿ ಕೊಟ್ಟ ಹಾಗಾಯ್ತು!

ಎರಡನೇ ರೀಲು

ಮುಂದಿನದು ವಿಧಾನ. ಥಿಯೇಟರ್ ಮುಂದೆ ಕ್ಯೂನಲ್ಲಿ ನಿಂತವರನ್ನು ಮಾತಾಡಿಸಿ ಉತ್ತರ ಬರಕೊಂಡಿದ್ದಾನೆ. ‘ನೀವು ಥಿಯೇಟರಿಗೆ ಬರೋದು ಇಷ್ಟವೇ?’ ಎಲ್ಲರೂ ‘ಹೌದು’ ಅಂದಿದ್ದಾರೆ. ಅನ್ನದೇ ಇನ್ನೇನು? ಬಸ್ಸಿನೊಳಗೆ ನಿಂತವರನ್ನು ‘ಬಸ್ಸಲ್ಲಿ ಓಡಾಡ್ತೀರಾ?’ ಅಂತ ಕೇಳಿದ ಹಾಗಾಯ್ತು. ಮನೆಯಲ್ಲಿ ಮೊಬೈಲ್ ಹಿಡಿದು ಕೂತವನನ್ನು ಕೇಳಿದ್ಯಾ? ಹೆಣ್ಮಕ್ಕಳನ್ನ? ಬರೋದು ಬಿಟ್ಟವರನ್ನ? ಗೆಳೆಯ ಪೆನ್ಸಿಲ್ ಕಚ್ಚಿದ.

ಆಮೇಲೆ ‘ನಿನಗಿಂತ ಮುಂಚೆ ಈ ಕೆಲಸ ಮಾಡಿದವರು ಯಾರು?’ ಅನ್ನೋ ಪ್ರಶ್ನೆ. ಇದಕ್ಕೆ ಚೆನ್ನಾಗಿ ತಯಾರಾಗಿದ್ದ. ಅಮೆರಿಕದ ಸಾರಾ ಡಿಕಿ ಅನ್ನೋ ವಿದುಷಿ ಮಧುರೈಗೆ ಬಂದು ಬಡವರ ಸಿನಿಮಾ ಪ್ರೀತಿ, ಅಭಿಮಾನಿ ಸಂಘಗಳನ್ನು ನೋಡಿ ಬರೆದ ಪುಸ್ತಕ 1993ರದು. ಎಸ್.ವಿ. ಶ್ರೀನಿವಾಸ್ ಚಿರಂಜೀವಿ ಅಭಿಮಾನಿಗಳ ಮೇಲೆ ಬರೆದದ್ದು 2009ರಲ್ಲಿ. ಎಂ. ಮಾಧವ ಪ್ರಸಾದ್ 2014ರಲ್ಲಿ ಎಂ.ಜಿ.ಆರ್., ಎನ್.ಟಿ.ಆರ್. ಜೊತೆಗೆ ನಮ್ಮ ಅಣ್ಣಾವ್ರ ಬಗ್ಗೆಯೂ ಬರೆದಿದ್ದಾರೆ. ನೋಡಿದ್ರಾ? ನಾವು ಹಾರ ಹಾಕೋದು, ಶಿಳ್ಳೆ ಹೊಡೆಯೋದು ಎಲ್ಲ ಪಂಡಿತರ ಕಣ್ಣಿಗೆ ಬಿದ್ದಿದೆ!

ಹಿಂದಿನವರನ್ನು ಓದದೆ ಬರೆದರೆ ಗೊತ್ತಿಲ್ಲದೇ ಮಾಡಿದ ರೀಮೇಕು. ಕದ್ದು ಬರೆದರೆ ಅದಕ್ಕೂ ಕಾನೂನಿದೆ. ಯು.ಜಿ.ಸಿ.ಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಕ್ಲೈಮ್ಯಾಕ್ಸ್

ಕೊನೆಗೆ ಒಂದು ಸ್ಲೈಡ್ ಬಂತು. ‘ಎಂಬತ್ತರ ದಶಕದಲ್ಲಿ ಕುಣಿಗಲಿನಲ್ಲೇ ಒಂದು ಚಿತ್ರ ನೂರು ದಿನ ಓಡಿತ್ತು.’

ಅಷ್ಟೊತ್ತಿಗೆ ನಾನು ಪೂರಾ ಪರೀಕ್ಷಕನಾಗಿಬಿಟ್ಟಿದ್ದೆ. ಕಾಲ ಮೇಲೆ ಕಾಲು ಹಾಕಿ, “ಇದಕ್ಕೆ ಆಧಾರ?” ಅಂದೆ.

ಗೆಳೆಯ ನನ್ನ ಮುಖವನ್ನೇ ನೋಡಿದ. “ನಿನ್ನ ಅಂಕಣ ಕಣೋ. ಎರಡು ವರ್ಷದ ಹಿಂದೆ ನೀನೇ ಬರೆದಿದ್ದೆ.”

ಸ್ವಾಮಿ, ಕೂತ ಕುರ್ಚಿ ಕುಸಿದ ಹಾಗಾಯ್ತು. ಆ ಮಾತನ್ನ ನಾನು ಕೇಳಿದ್ದು ಟೀ ಅಂಗಡಿಯಲ್ಲಿ. ಯಾರೋ ಹಿರಿಯರು ಅಂದರು, ನಾನು ಬರೆದೆ, ಅಚ್ಚಾಯ್ತು, ಅಷ್ಟೇ. ಮೇಷ್ಟ್ರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಯೋಚಿಸಿ ನೋಡಿ. ಈ ಸಾಲು ಥೀಸಿಸ್ಸಿಗೆ ಸೇರಿದರೆ, ಥೀಸಿಸ್ಸು ‘ಶೋಧಗಂಗಾ’ ಅನ್ನೋ ಸರ್ಕಾರದ ಭಂಡಾರಕ್ಕೆ ಸೇರುತ್ತೆ. ದೇಶದ ಯಾವ ಮೂಲೆಯಿಂದ ಬೇಕಾದರೂ ತೆಗೆದು ಓದಬಹುದು. ಇನ್ನೊಬ್ಬ ಸಂಶೋಧಕ ಅದನ್ನೇ ನಂಬಿ ಬರೀತಾನೆ. ಟೀ ಅಂಗಡಿ ಸುಳ್ಳು ಹತ್ತು ವರ್ಷದಲ್ಲಿ ಇತಿಹಾಸ!

ಆವತ್ತು ಸಂಜೆಯೇ ಆ ಥಿಯೇಟರಿನ ಹಳೇ ಮ್ಯಾನೇಜರನ್ನು ಹುಡುಕಿಕೊಂಡು ಇಬ್ಬರೂ ಹೋದೆವು. ಅವರ ಹತ್ತಿರ ದಿನದಿನದ ಕಲೆಕ್ಷನ್ ಬರೆದ ಡಿ.ಸಿ.ಆರ್. ಪುಸ್ತಕ ಇನ್ನೂ ಇತ್ತು. ಎಣಿಸಿದೆವು. ಸರಿಯಾಗಿ ಆರು ವಾರ. 42 ದಿನ.

“ಆದ್ರೆ ಪೇಪರಲ್ಲಿ ನೂರು ದಿನ ಅಂತ ಬಂದಿದೆಯಲ್ಲಪ್ಪಾ” ಅಂತ ಅವರು ಗೋಡೆ ತೋರಿಸಿದರು. ನನ್ನದೇ ಅಂಕಣ! ಕತ್ತರಿಸಿ, ಫ್ರೇಮ್ ಹಾಕಿ ಇಟ್ಟಿದ್ದಾರೆ. ಆ ಮುದುಕರ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ಗೆಳೆಯನೇ, “ಅಜ್ಜಾ, 42 ದಿನವೂ ಚಿಕ್ಕ ಮಾತಲ್ಲ. ಅದು ನಿಜ, ಪುಸ್ತಕ ಇದೆ. ನಿಮ್ಮ ಹೆಸರಲ್ಲೇ ಬರೀತೀನಿ” ಅಂದ. ಅವರು ಪುಸ್ತಕಾನ ಎದೆಗೆ ಒತ್ತಿಕೊಂಡರು.

ಸೋಮವಾರ ನಾನು ಹೊರಗೆ ಮರದ ಕೆಳಗೆ ಕಾದೆ. ಈ ಕಮಿಟಿ ಒಂದು ಸಲದ ಸೆನ್ಸಾರ್ ಅಲ್ಲ. 2022ರ ಯು.ಜಿ.ಸಿ. ನಿಯಮದಂತೆ ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ಹಾಜರಾಗಬೇಕು. ಕೋರ್ಸ್ ಮುಗಿಸೋಕೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6ರೊಳಗೆ. ಥೀಸಿಸ್ ಕೊಡೋ ಮುಂಚೆ ಒಂದು ಪ್ರೆಸೆಂಟೇಷನ್. ಆಮೇಲೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದಿ ಒಪ್ಪಬೇಕು. ಕೊನೆಗೆ ವೈವಾ, ಅಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಕೂತು ಕೇಳಬಹುದು.

ಗೆಳೆಯ ಹೊರಗೆ ಬಂದ. ಮುಖ ಬಾಡಿತ್ತು. “ಕ್ಯೂನಲ್ಲಿ ಕೇಳಿದ್ದು ಸಾಲದು, ಮನೆಮನೆಗೆ ಹೋಗಿ ಕೇಳು ಅಂದ್ರು. ಮುಂದಿನ ಸೆಮಿಸ್ಟರಿಗೆ ಸರಿ ಮಾಡ್ಕೊಂಡು ಬರಬೇಕು. ಅಪ್ಪಂಗೆ ಏನು ಹೇಳ್ಲೋ?”

“ಫ್ಲಾಪಾ?”

“ಪೂರ್ತಿ ಅಲ್ಲ. ಒಂದು ಪ್ರಶ್ನೆಗೆ ‘ಇದು ನನ್ನ ಅಧ್ಯಯನದಿಂದ ಹೇಳೋಕಾಗಲ್ಲ ಮೇಡಂ’ ಅಂದೆ. ‘ಇವತ್ತಿನ ಒಳ್ಳೇ ಉತ್ತರ ಇದೇ’ ಅಂದ್ರು. ಡಿ.ಸಿ.ಆರ್. ಪುಸ್ತಕದ ಫೋಟೋ ಎಲ್ಲರೂ ಕೈಗೆ ತಗೊಂಡು ನೋಡಿದ್ರು ಕಣೋ.”

ಮಿತ್ರರೇ, ನಾವು ಗಾಂಧಿ ಕ್ಲಾಸಿನವರು. ‘ಸೂಪರ್’, ‘ಡಬ್ಬಾ’ ಎರಡೇ ತೀರ್ಪು ನಮ್ಮದು. ನಿಮ್ಮ ಹೀರೋ, ನಮ್ಮ ಹೀರೋ ಅಂತ ಬಸ್ ಸ್ಟ್ಯಾಂಡಿನಲ್ಲಿ ಕಾಲರ್ ಹಿಡೀತೀವಿ. ಮುಂದಿನ ಸಲ ಕಾಲರಿಗೆ ಕೈ ಹಾಕೋ ಮುಂಚೆ ಮೇಷ್ಟ್ರ ಥರ ಕೇಳಿ: ಪ್ರಶ್ನೆ ಏನು? ಯಾರನ್ನ ಕೇಳಿದೆ, ಯಾರನ್ನ ಬಿಟ್ಟೆ? ಆಧಾರ ಎಲ್ಲಿ? ಇದಕ್ಕೆ ಡಿಗ್ರಿ ಬೇಕಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನೋ ಧೈರ್ಯ ಬೇಕು.

ಆ ಧೈರ್ಯವನ್ನ ನಾನೇ ಮೊದಲು ತೋರಿಸ್ತೀನಿ. ಎರಡು ವರ್ಷದ ಹಿಂದೆ ಇದೇ ಪುಟದಲ್ಲಿ ಕುಣಿಗಲಿನ ‘ನೂರು ದಿನ’ ಅಂತ ಬರೆದದ್ದು ತಪ್ಪು. ಓಡಿದ್ದು 42 ದಿನ. ಮ್ಯಾನೇಜರ್ ಅಜ್ಜಾ, ಈ ಪುಟವನ್ನೂ ಕತ್ತರಿಸಿ ಅದೇ ಫ್ರೇಮಿಗೆ ಹಾಕಿಕೊಳ್ಳಿ.

ಮುಂದಿನ ವಾರ ಸಿಗೋಣ, ಇದೇ ಗಾಂಧಿ ಕ್ಲಾಸಿನಲ್ಲಿ!