ಮೂರು ತಕ್ಕಡಿ: ಅಂಕಗಳನ್ನು ಕೂಡಿಸಬೇಡಿ

ಪ್ರತಿ ವರ್ಷದ ಹಾಗೆ ಈ ಸಂಚಿಕೆಗೂ ತಕ್ಕಡಿ ಹಿಡಿದು ಬಂದಿದ್ದೇವೆ. ಹಳೆಯ ಓದುಗರಿಗೆ ನಮ್ಮ ಲೆಕ್ಕ ಗೊತ್ತು. ಒಂದೊಂದು ಚಿತ್ರಕ್ಕೂ ಮೂರು ಅಂಕ, ಪ್ರತಿಯೊಂದೂ ಐದಕ್ಕೆ. ಮೊದಲನೆಯದು ಕಸುಬು: ಕ್ಯಾಮೆರಾ, ಸಂಕಲನ, ಸಂಗೀತ, ನಟನೆ. ಎರಡನೆಯದು ಹೂರಣ: ಕಥೆಯೊಳಗೆ ಏನಿದೆ, ಅದರಲ್ಲಿ ಬದುಕಿನ ನಿಜ ಎಷ್ಟಿದೆ. ಮೂರನೆಯದು ಮೌಲ್ಯ: ಚಿತ್ರ ಯಾರ ಪರವಾಗಿ ನಿಲ್ಲುತ್ತದೆ, ನೋಡಿ ಎದ್ದವರ ಮನಸ್ಸಿನಲ್ಲಿ ಏನನ್ನು ಬಿಟ್ಟು ಹೋಗುತ್ತದೆ.

ಹೊಸದಾಗಿ ಸಂಘಕ್ಕೆ ಬಂದವರು ಕೇಳುವ ಪ್ರಶ್ನೆ ಒಂದೇ. ಮೂರನ್ನೂ ಕೂಡಿಸಿ ಹದಿನೈದಕ್ಕೆ ಇಷ್ಟು ಅಂತ ಹೇಳಿಬಿಟ್ಟರೆ ಆಗದೇ? ಟಿಕೆಟ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಬೇಗ ಗೊತ್ತಾಗುತ್ತದಲ್ಲ? ಈ ಸಲ ಅದಕ್ಕೇ ಉತ್ತರ ಬರೆಯೋಣ ಅಂದುಕೊಂಡೆವು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವರು ನಾವು. ಗುಣಕ್ಕೆ ಐದು, ಅಡ್ಡಪರಿಣಾಮಕ್ಕೆ ಒಂದು, ಸರಾಸರಿ ಮೂರು ಎಂದು ಹೇಳಿ ಯಾರಿಗೂ ಮಾತ್ರೆ ಕೊಡುವುದಿಲ್ಲ. ಔಷಧಿ ಎಷ್ಟು ಜೋರಾಗಿದೆಯೋ ಅಷ್ಟು ಎಚ್ಚರದಿಂದ ಕೊಡಬೇಕು. ಸಿನಿಮಾಕ್ಕೂ ಅದೇ ಮಾತು. ಕಸುಬಿನಲ್ಲಿ ಸೋತ ಚಿತ್ರ ಏನು ಹೇಳಿದರೂ ಯಾರಿಗೂ ನಾಟುವುದಿಲ್ಲ. ಕಸುಬಿನಲ್ಲಿ ಗೆದ್ದ ಚಿತ್ರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಎದೆಯೊಳಗೆ ಇಳಿಸಿಬಿಡುತ್ತದೆ.

ಊರಲ್ಲಿದ್ದವರಿಗಿಂತ ನಮಗೆ ಇದು ಹೆಚ್ಚು ಮುಖ್ಯ. ಊರಿನ ಮಕ್ಕಳು ಕನ್ನಡವನ್ನು ಬೀದಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ, ಅಜ್ಜಿಯ ಬೈಗುಳದಲ್ಲಿ ಕೇಳುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮನೆಯ ಬಾಗಿಲಾಚೆ ಸಿಗುವ ಕನ್ನಡ ಬಹುಪಾಲು ಸಿನಿಮಾದ್ದು. ಕನ್ನಡದ ಹಳ್ಳಿ, ಕನ್ನಡದ ಪೊಲೀಸ್ ಠಾಣೆ, ಕನ್ನಡದ ಪ್ರೀತಿ, ಕನ್ನಡದ ಸಿಟ್ಟು ಎಲ್ಲವೂ ಅವರಿಗೆ ಪರದೆಯ ಮೇಲೆ ಕಂಡದ್ದೇ. ಹಾಗಾಗಿ ಅಲ್ಲಿ ಏನು ಕಾಣುತ್ತಿದೆ ಎಂದು ತೂಗಿ ನೋಡದೆ ವಿಧಿಯಿಲ್ಲ.

ಕಸುಬಿನಿಂದಲೇ ದೇಶವನ್ನು ಬೆರಗುಗೊಳಿಸಿದ ಚಿತ್ರದಿಂದ ಶುರು ಮಾಡೋಣ. ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ ಮೊದಲ ಭಾಗ 2018ರಲ್ಲಿ ಬಂತು, ಎರಡನೆಯದು 2022ರಲ್ಲಿ. ಮೊದಲ ಭಾಗಕ್ಕೆ ಸಾಹಸ ಮತ್ತು ವಿಶೇಷ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ಭುವನ್ ಗೌಡರ ಕ್ಯಾಮೆರಾ ಆ ಧೂಳು, ಕತ್ತಲೆ, ಬೆಂಕಿಯನ್ನು ಹಿಡಿದ ರೀತಿಗೆ ಕೈಮುಗಿಯಬೇಕು. ಇಲ್ಲಿನ ಮಲಯಾಳಿ, ತಮಿಳು ಗೆಳೆಯರು ಕನ್ನಡ ಚಿತ್ರದ ಬಗ್ಗೆ ತಾವಾಗಿಯೇ ಮಾತು ತೆಗೆದದ್ದು ಆಗಲೇ. ಆ ಹೆಮ್ಮೆ ನಮಗೂ ಇದೆ.

ಹೂರಣಕ್ಕೆ ಬಂದರೆ ತಕ್ಕಡಿ ಇಳಿಯುತ್ತದೆ. ಕೋಲಾರದ ನಿಜವಾದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಶಾಖದಲ್ಲಿ ಬೆಂದು, ಕಲ್ಲಿನ ಧೂಳು ಕುಡಿದು ಪುಪ್ಪುಸ ಹಾಳು ಮಾಡಿಕೊಂಡ ಕಾರ್ಮಿಕರ ಕಥೆ ಅಲ್ಲಿ ದಂಡಿಯಾಗಿತ್ತು. ಚಿತ್ರಕ್ಕೆ ಬೇಕಾದದ್ದು ಅದರ ಹೆಸರು ಮಾತ್ರ. ತೆರೆಯ ಮೇಲಿನ ಗಣಿಯ ಕೂಲಿಗಳು ಮೊದಲು ಅಳುತ್ತಾರೆ, ಆಮೇಲೆ ನಾಯಕನಿಗೆ ಜೈಕಾರ ಹಾಕುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಬೇರೆ ಬೇರೆ ದೇಶಗಳ ಕೂಲಿಯವರನ್ನು ದಿನವೂ ಹತ್ತಿರದಿಂದ ನೋಡುವ ನಮಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಸಾಯುವ ತಾಯಿ ಮಗನಿಂದ ಪಡೆಯುವ ಮಾತು ಶ್ರೀಮಂತನಾಗಿ, ಬಲಶಾಲಿಯಾಗಿ ಸಾಯಬೇಕು ಎಂಬುದು. ಆ ಮಾತಿಗಾಗಿ ಬಿದ್ದ ಹೆಣಗಳ ಲೆಕ್ಕವನ್ನು ಚಿತ್ರ ಇಡುವುದಿಲ್ಲ. ಎರಡೂ ಭಾಗ ಸೇರಿ ಕಸುಬು 4.5, ಹೂರಣ 2.5, ಮೌಲ್ಯ 2. ಕೂಡಿಸಿದರೆ 9 ಆಗುತ್ತದೆ. ಆ ಒಂಬತ್ತು ನಿಮಗೆ ಏನನ್ನೂ ತಿಳಿಸುವುದಿಲ್ಲ.

ಹಾಗಾದರೆ ಕತ್ತಿ, ರಕ್ತ ಕಂಡ ಕೂಡಲೇ ಮೌಲ್ಯ ಕಡಿಮೆ ಮಾಡುತ್ತೀರಾ ಎಂದು ಕೇಳಬಹುದು. ಇಲ್ಲ. ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ನೋಡಿ. ಮಂಗಳಾದೇವಿಯ ಬೀದಿಗಳಲ್ಲಿ ನಡೆಯುವ ಕೊಲೆಗಳು ಮೈ ನಡುಗಿಸುತ್ತವೆ. ಆದರೆ ಹಿಂಸೆ ಅಲ್ಲಿ ಪುಕ್ಕಟೆ ಅಲ್ಲ. ಹರಿ ಮತ್ತು ಶಿವ ಅಣ್ಣತಮ್ಮಂದಿರಂತೆ ಬೆಳೆದವರು. ಕತ್ತಿ ಹಿಡಿದವರ ಆ ಸ್ನೇಹವೂ ಕೊನೆಗೆ ಕತ್ತಿಯ ಬಾಯಿಗೇ ಹೋಗುತ್ತದೆ. ಕೊಂದವನು ಮಳೆಯಲ್ಲಿ ಕುಣಿಯುವಾಗ ಸಿಳ್ಳೆ ಹೊಡೆಯಬೇಕೋ ಹೆದರಬೇಕೋ ತಿಳಿಯದೆ ಕೂರುತ್ತೇವೆ. ಆ ಗೊಂದಲವೇ ಚಿತ್ರದ ಗೆಲುವು. ಕಸುಬು 4.5, ಹೂರಣ 4, ಮೌಲ್ಯ 3.5. ಆದರೆ ಇದು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಖಂಡಿತ ಅಲ್ಲ.

ವಯಸ್ಸಿನ ಗುರುತು ಬೇರೆ, ಮೌಲ್ಯದ ಅಂಕ ಬೇರೆ. ಇಲ್ಲಿನ ಚಿತ್ರಮಂದಿರಗಳಲ್ಲಿ ಪ್ರತಿ ಚಿತ್ರಕ್ಕೂ ವಯಸ್ಸಿನ ಗುರುತು ಇರುತ್ತದೆ. ಭಾರತದಲ್ಲೂ 2023ರ ತಿದ್ದುಪಡಿ ಕಾಯ್ದೆಯಿಂದ ‘ಯುಎ’ ಎಂಬುದನ್ನು 7, 13, 16 ವರ್ಷ ಎಂದು ಮೂರಾಗಿ ಒಡೆದಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಆ ಗುರುತು ಹೇಳುವುದು ಯಾವ ವಯಸ್ಸಿನವರು ನೋಡಬಹುದು ಎಂದು ಮಾತ್ರ. ನೋಡಿದವರು ಏನನ್ನು ಹೊತ್ತು ಮನೆಗೆ ಹೋಗುತ್ತಾರೆ ಎಂದು ತಿಳಿಯಲು ಮನೆಯವರೇ ಪಕ್ಕದಲ್ಲಿ ಕೂರಬೇಕು.

ಇನ್ನು ರಿಷಬ್ ಶೆಟ್ಟಿ ಅವರ ‘ಕಾಂತಾರ’ (2022). ನಟನೆಗೆ ರಿಷಬ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಕೊನೆಯ ಇಪ್ಪತ್ತು ನಿಮಿಷಗಳ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಹೂರಣವೂ ಗಟ್ಟಿ: ಕಾಡು ಯಾರದ್ದು, ಕೊಟ್ಟ ಮಾತಿಗೆ ಬೆಲೆ ಎಷ್ಟು, ಕಾನೂನಿನ ಗಡಿಕಲ್ಲು ಮತ್ತು ದೈವದ ಮಾತು ಎದುರಾದರೆ ಏನಾಗುತ್ತದೆ. ಅರಣ್ಯಾಧಿಕಾರಿಯನ್ನು ಸುಮ್ಮನೆ ಖಳನನ್ನಾಗಿ ಮಾಡದೆ ಕೊನೆಗೆ ಊರಿನವರ ಜೊತೆ ನಿಲ್ಲಿಸಿದ್ದು ನಮಗೆ ಹಿಡಿಸಿತು. ಅಂಕ ಕಡಿಮೆಯಾದದ್ದು ಒಂದು ಕಡೆ. ಶಿವ ಲೀಲಾಳ ಸೊಂಟ ಚಿವುಟುವುದನ್ನು ಚಿತ್ರ ತಮಾಷೆ ಎಂದು ತೋರಿಸುತ್ತದೆ, ಅವಳಿಗೂ ಅದು ಸರಿ ಎನಿಸುವಂತೆ ಕಥೆ ಮುಂದುವರಿಸುತ್ತದೆ. ಹದಿಮೂರರ ಹುಡುಗ ಪಕ್ಕದಲ್ಲಿ ಕೂತಿದ್ದಾಗ ಅದು ತಮಾಷೆಯಲ್ಲ. ಕಸುಬು 4.5, ಹೂರಣ 4.5, ಮೌಲ್ಯ 3.

ಕಾಂತಾರದ ಜೊತೆಗೇ ಇನ್ನೊಂದು ಮಾತು. ಚಿತ್ರ ಮೆಚ್ಚಿದ್ದೇವೆ ಎಂದು ದೈವದ ಬಣ್ಣ ಹಚ್ಚಿ ವೇದಿಕೆಯ ಮೇಲೆ ಕುಣಿಯುವುದು ಬೇಡ. ಕೋಲ ನಮ್ಮ ತುಳುನಾಡಿನವರಿಗೆ ಆರಾಧನೆ. ಅದನ್ನು ಕಟ್ಟುವವರು ವ್ರತ, ನಿಯಮದಿಂದ ಕಟ್ಟುತ್ತಾರೆ. ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಬೇರೆ ವೇಷಗಳು ಬೇಕಾದಷ್ಟಿವೆ.

ಹಳೆಯದರಲ್ಲಿ ಈ ಸಲ ಸಿದ್ಧಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ (1972) ತೂಗಿದ್ದೇವೆ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಡಾ. ರಾಜ್‌ಕುಮಾರ್ ಅವರ ರಾಜೀವ. ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬರಡು ನೆಲವನ್ನು ಹಸಿರು ಮಾಡಿ, ಕೊನೆಗೆ ಅಕ್ಕನ ಮಗನೇ ಅನುಮಾನದ ಮಾತಾಡಿದಾಗ ತನ್ನ ಪರ ಒಂದು ಮಾತೂ ಆಡದೆ ಮನೆ ಬಿಡುವವನು. ಊರಿಗೆ ದುಡ್ಡು ಕಳಿಸುವ ಮನೆಗಳಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಕಳಿಸಿದವನ ಲೆಕ್ಕ ಒಂದು, ಪಡೆದವರ ಲೆಕ್ಕ ಇನ್ನೊಂದು, ನಡುವೆ ಮಾತೇ ಇಲ್ಲ. ರಾಜೀವನ ತ್ಯಾಗ ದೊಡ್ಡದು. ಆದರೆ ಮೌನವಾಗಿ ಎದ್ದು ಹೋಗುವುದನ್ನು ಆದರ್ಶ ಎಂದು ಮಕ್ಕಳಿಗೆ ಹೇಳಲಾರೆವು. ಕೂತು ಮಾತಾಡಿದ್ದರೆ ಆ ಮನೆ ಉಳಿಯುತ್ತಿತ್ತು. ಕಸುಬು 3.5, ಹೂರಣ 5, ಮೌಲ್ಯ 4.

ಕೊನೆಗೆ ನಮ್ಮ ತಕ್ಕಡಿಯಲ್ಲಿ ಮೂರೂ ತಟ್ಟೆ ಸಮನಾಗಿ ನಿಂತ ಚಿತ್ರ: ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಅನಂತ್ ನಾಗ್ ಮರೆವಿನ ಕಾಯಿಲೆ ಹಿಡಿದ ವೆಂಕೋಬರಾವ್. ಕೆಲಸ ಕೆಲಸ ಎಂದು ಓಡುವ ಮಗನಾಗಿ ರಕ್ಷಿತ್ ಶೆಟ್ಟಿ. ಅಪ್ಪ ಕಾಣೆಯಾದ ಮೇಲೆ ಹುಡುಕಲು ಹೊರಟ ಮಗನಿಗೆ, ಅಪ್ಪ ಎಂಥ ಮನುಷ್ಯ ಎಂಬುದೇ ತನಗೆ ಗೊತ್ತಿಲ್ಲ ಎಂದು ತಿಳಿಯುತ್ತದೆ. ಗುರುತು ಹೇಳು ಎಂದರೆ ಅವನ ಬಾಯಿಗೆ ಬರುವುದು ಬಣ್ಣ ಮತ್ತು ಮೈಕಟ್ಟು ಮಾತ್ರ. ರೌಡಿಗಳ ಉಪಕಥೆ ಅಲ್ಲಲ್ಲಿ ಎಳೆದಂತಾಗುತ್ತದೆ. ಆದರೆ ಎಲ್ಲೂ ಉಪದೇಶವಿಲ್ಲ, ಯಾರನ್ನೂ ಕಟಕಟೆಗೆ ಹತ್ತಿಸುವುದಿಲ್ಲ. ವರ್ಷಕ್ಕೊಮ್ಮೆ ರಜೆಯಲ್ಲಿ ಅಪ್ಪ ಅಮ್ಮನ ಮುಖ ನೋಡುವ ನಮಗೆ ಈ ಚಿತ್ರ ತಾಗುವ ಜಾಗವೇ ಬೇರೆ. ಕಸುಬು 4.5, ಹೂರಣ 4.5, ಮೌಲ್ಯ 5.

ಮೌಲ್ಯದ ಅಂಕ ಹಾಕಲು ನಾವು ಕೇಳಿಕೊಳ್ಳುವುದು ಮೂರೇ ಪ್ರಶ್ನೆ. ತಪ್ಪಿಗೆ ಬೆಲೆ ತೆರುವವರು ಯಾರು? ನಾಯಕನಲ್ಲದವರ ನೋವಿಗೆ ತೆರೆಯಲ್ಲಿ ಜಾಗ ಎಷ್ಟು? ನಗಿಸುವಾಗ ಯಾರ ಮಾನ ಖರ್ಚಾಗುತ್ತಿದೆ? ನಾಯಕ ಕುಡಿದನೇ, ಸೇದಿದನೇ ಎಂದು ಎಣಿಸುವುದಕ್ಕಿಂತ ಇದು ಉಪಯೋಗಕ್ಕೆ ಬರುತ್ತದೆ. ಸಿನಿಮಾ ಮುಗಿಸಿ ಕಾರಿನಲ್ಲಿ ಮನೆಗೆ ಬರುವಾಗ ಮಕ್ಕಳಿಗೇ ಈ ಪ್ರಶ್ನೆ ಹಾಕಿ, ಕನ್ನಡದಲ್ಲೇ ಹಾಕಿ. ಅವರ ಅಂಕ ನಿಮ್ಮ ಅಂಕಕ್ಕೆ ತಾಳೆಯಾಗದಿದ್ದರೆ ಜಗಳವಾಡಿ. ಮನೆಯಲ್ಲಿ ಅಷ್ಟು ಹೊತ್ತು ಕನ್ನಡದಲ್ಲಿ ವಾದ ನಡೆದರೆ ಟಿಕೆಟ್ಟಿನ ದುಡ್ಡು ಅಲ್ಲಿಗೇ ವಸೂಲಾಯಿತು.

ನಮ್ಮ ಅಂಕಗಳನ್ನು ಒಪ್ಪದವರು ಎಂದಿನಂತೆ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹಿಡಿದು ಕೇಳಬಹುದು. ಮುಂದಿನ ಸಂಚಿಕೆಗೆ ಯಾವ ಚಿತ್ರ ತೂಗಬೇಕು ಎಂಬುದನ್ನೂ ಅಲ್ಲೇ ಹೇಳಿ. ಒಟ್ಟು ಎಷ್ಟಾಯಿತು ಎಂದು ಮಾತ್ರ ಕೇಳಬೇಡಿ.