ಗಾಳಿಯನ್ನರಿಯುವ ನೂಲು ಮತ್ತು ಕನ್ನಡದ ಹೊಣೆ

ಡೊಂಬಿವಲಿಯ ಕೈಗಾರಿಕಾ ವಲಯದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ಸ್ಫೋಟಗಳು ಸಂಭವಿಸಿ ಹಲವರು ಅಸುನೀಗಿದರು. ಥಾಣೆ, ಕಲ್ಯಾಣ, ನವಿಮುಂಬಯಿಗಳಲ್ಲಿಯೂ ಕಾರ್ಖಾನೆಗಳ ನೆರೆಯಲ್ಲಿಯೇ ವಸತಿಗಳು ಬೆಳೆದಿವೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಅವರ ಮರಾಠಿ ನೆರೆಹೊರೆಯವರಿಗೂ ಗಾಳಿಯ ಮೊದಲ ಪರೀಕ್ಷಕನೆಂದರೆ ಮೂಗು. ಘಾಟು, ಕಮಟು, ನಾತ ಎಂದು ಕನ್ನಡವು ವಾಸನೆಯ ಭೇದಗಳನ್ನು ಸೂಕ್ಷ್ಮವಾಗಿ ಗುರುತಿಸುತ್ತದೆ. ಆದರೆ ಮೂಗನ್ನು ಪೂರ್ತಿಯಾಗಿ ನಂಬುವಂತಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಹೈಡ್ರೊಜನ್ ಸಲ್ಫೈಡು ಹೆಚ್ಚಾದಾಗ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ.

ಈ ಕೊರತೆಯನ್ನು ತುಂಬಬಲ್ಲ ಸಾಧನಗಳಲ್ಲಿ ಸಾವಯವ ನ್ಯಾನೊ ಎಳೆಗಳ ಅನಿಲ ಸಂವೇದಕವೂ ಒಂದು. ಪಾಲಿಮರ್ ದ್ರಾವಣದ ಹನಿಗೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದಾಗ ಹನಿಯು ಶಂಕುವಿನಂತೆ ಚೂಪಾಗಿ, ಅದರ ತುದಿಯಿಂದ ಎಳೆಯೊಂದು ಚಿಮ್ಮುತ್ತದೆ. ದ್ರಾವಕವು ಆರಿ ಉಳಿಯುವ ನೂಲು ಕೂದಲಿಗಿಂತ ನೂರಾರು ಪಟ್ಟು ತೆಳುವಾಗಿರಬಲ್ಲದು. ಆಂಟನ್ ಫಾರ್ಮಾಲ್ಸ್ ಈ ವಿಧಾನಕ್ಕೆ 1934ರಲ್ಲಿಯೇ ಪೇಟೆಂಟು ಪಡೆದಿದ್ದನು. ವಿದ್ಯುತ್ತನ್ನು ಹರಿಯಗೊಡುವ ಪಾಲಿಅನಿಲೀನ್ ಎಳೆಗೆ ಅಮೋನಿಯಾ ತಗುಲಿದರೆ ಅದರ ವಿದ್ಯುತ್ ರೋಧ ಏರುತ್ತದೆ. ಎಳೆಯ ತೂಕಕ್ಕೆ ಹೋಲಿಸಿದರೆ ಹೊರಮೈ ಬಹು ವಿಸ್ತಾರವಾದುದರಿಂದ ಅತ್ಯಲ್ಪ ಅನಿಲವೂ ಅದರ ಅರಿವಿಗೆ ಬರುತ್ತದೆ. ತೇವಾಂಶ ಅದರ ಅಳತೆಯನ್ನು ಏರುಪೇರು ಮಾಡುತ್ತದೆ. ಕೊಂಕಣದ ಮಳೆಗಾಲದಲ್ಲಿ ಇದು ಸಣ್ಣ ತೊಡಕಲ್ಲ.

ಇದು ಕನ್ನಡ ವಿಭಾಗದ ವಿಷಯವೇ ಎಂದು ಕೇಳುವವರುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಸಂಪಾದಕತ್ವದಲ್ಲಿ ಬೆಳಕು ಕಂಡ ‘ವಿಜ್ಞಾನ’ ಮಾಸಪತ್ರಿಕೆಯೇ ಆ ಪ್ರಶ್ನೆಗೆ ಉತ್ತರ. ಉಪಕರಣವು ಅಂಕಿಯನ್ನು ತೋರಿಸಬಲ್ಲದು. ಆ ಅಂಕಿ ಅಪಾಯವೋ ಅಲ್ಲವೋ, ಯಾವಾಗ ಮನೆ ಬಿಟ್ಟು ಹೊರಡಬೇಕು ಎಂಬುದನ್ನು ಭಾಷೆಯೇ ಹೇಳಬೇಕು. ‘ನೂಲು’, ‘ಎಳೆ’ ಎಂಬ ಮಾತುಗಳು ನೇಕಾರರ ಮನೆಯಲ್ಲಿ ಬಾಳಿ ಬಂದವು. ಅವುಗಳನ್ನು ಬಿಟ್ಟು ಯಾರ ನಾಲಗೆಗೂ ಒಗ್ಗದ ಸಮಾಸಗಳನ್ನು ಹೆಣೆಯುವುದು ಪಾಂಡಿತ್ಯವೆನಿಸಬಹುದು, ಸೇವೆಯೆನಿಸದು.

ಸಂವೇದಕವೊಂದರಿಂದಲೇ ಸ್ಫೋಟ ನಿಲ್ಲದು. ಅದಕ್ಕೆ ಕಾರ್ಖಾನೆಯ ಶಿಸ್ತೂ ಸರ್ಕಾರದ ಎಚ್ಚರವೂ ಬೇಕು. ಆದರೆ ತಾನು ಉಸಿರಾಡುವ ಗಾಳಿಯ ಸುದ್ದಿಯನ್ನು ತನ್ನ ನುಡಿಯಲ್ಲಿ ಕೇಳುವ ಹಕ್ಕು ಬೇಲಿಯಾಚೆಯ ನಿವಾಸಿಗಿದೆ. ರಸಾಯನಶಾಸ್ತ್ರಜ್ಞರೊಡನೆ ಕುಳಿತು ಕನ್ನಡ–ಮರಾಠಿ ಸುರಕ್ಷತಾ ಪದಕೋಶವೊಂದನ್ನು ಸಿದ್ಧಪಡಿಸುವುದು ಈ ಪ್ರದೇಶದ ಕನ್ನಡ ಸಂಶೋಧಕರಿಗೆ ಯಾವ ಪ್ರಬಂಧಕ್ಕಿಂತಲೂ ಕಿರಿದಾದ ಕೆಲಸವಲ್ಲ.